ಗೂಗಲ್ ಸ್ಲೈಡ್ಸ್: ಒಬ್ಬರ ಸ್ಲೈಡ್ ಇನ್ನೊಬ್ಬರು ಅಳಿಸಿದಾಗ

ಆನ್‌ಲೈನಿನಲ್ಲಿ ಸ್ಲೈಡ್ ತಯಾರಿಸುವ ಗೂಗಲ್ ಸ್ಲೈಡ್ಸ್‌ನಲ್ಲಿ 35 ಮಕ್ಕಳಿಗೆ ಒಂದೇ ಕಡತ ಕೊಟ್ಟು, ತಲಾ ಒಂದು ಸ್ಲೈಡ್ ಮಾಡಿಸಿದಾಗ ಕೆಲವರದು ಮಾಯವಾಯಿತು ಎಂದಿದ್ದೀರಿ. ಗಾಬರಿ ಬೇಡ, ಅವು ಹೋಗಿಲ್ಲ. ಫೈಲ್ ಮೆನುವಿನಲ್ಲಿ ‘ವರ್ಷನ್ ಹಿಸ್ಟರಿ’ (ಕಡತದ ಹಳೆಯ ಆವೃತ್ತಿಗಳ ಪಟ್ಟಿ) ತೆರೆದು, ಅಳಿಸುವುದಕ್ಕಿಂತ ಮೊದಲಿನ ಸಮಯ ಹುಡುಕಿ. ಆದರೆ ‘ರಿಸ್ಟೋರ್’ ಮಾತ್ರ ಒತ್ತಬೇಡಿ. ಅದು ಇಡೀ ಕಡತವನ್ನೇ ಹಿಂದಕ್ಕೆ ಒಯ್ಯುತ್ತದೆ, ಉಳಿದವರು ಆಮೇಲೆ ಮಾಡಿದ್ದೂ ಅದರ ಜೊತೆ ಹೋಗುತ್ತದೆ. ಆ ಆವೃತ್ತಿಯ ಪಕ್ಕದ ಮೂರು ಚುಕ್ಕೆ ಒತ್ತಿ ನಕಲು ಮಾಡಿಕೊಳ್ಳಿ. ನಕಲಿನಿಂದ ಬೇಕಾದ ಸ್ಲೈಡನ್ನಷ್ಟೇ ಮೂಲ ಕಡತಕ್ಕೆ ಅಂಟಿಸಿ.

ಮುಂದಿನ ಸಲ ಪ್ರತಿ ಸ್ಲೈಡ್ ಮೇಲೆ ಕ್ರಮಸಂಖ್ಯೆ ಹಾಕಿಯೇ ಹಂಚಿಕೊಳ್ಳಿ. ಸಂಖ್ಯೆ, ಪ್ರಶ್ನೆ, ಚೌಕಟ್ಟು ಇವನ್ನು ‘ಥೀಮ್ ಬಿಲ್ಡರ್’ (ಸ್ಲೈಡ್‌ಗಳ ಮೂಲ ವಿನ್ಯಾಸ ತಿದ್ದುವ ಜಾಗ) ಒಳಗಿನ ಲೇಔಟ್‌ನಲ್ಲಿ ಇಟ್ಟರೆ ಮಕ್ಕಳ ಮೌಸ್‌ಗೆ ಸಿಕ್ಕಿ ಸರಿದಾಡುವುದಿಲ್ಲ. ಸ್ಲೈಡನ್ನೇ ಅಳಿಸುವುದನ್ನು ಇದು ತಡೆಯುವುದಿಲ್ಲ, ಅದಕ್ಕೆ ಬೀಗವೇ ಇಲ್ಲ. ನನ್ನ ಮಟ್ಟಿಗೆ, ಒಟ್ಟಿಗೆ ನೋಡುವ ಅಗತ್ಯವಿಲ್ಲದಿದ್ದರೆ ಪ್ರತ್ಯೇಕ ಪ್ರತಿಯೇ ಲೇಸು: ಲಿಂಕ್‌ನಲ್ಲಿ ‘ಎಡಿಟ್’ ಪದವನ್ನೂ ಅದರ ಮುಂದಿರುವುದನ್ನೆಲ್ಲವನ್ನೂ ಅಳಿಸಿ, ಆ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ‘ಕಾಪಿ’ ಎಂದು ಟೈಪಿಸಿ ಕಳಿಸಿ. ತೆರೆದ ಕೂಡಲೇ ನಕಲು ಮಾಡಿಕೊಳ್ಳಲು ಕೇಳುತ್ತದೆ. ಗೂಗಲ್ ಕ್ಲಾಸ್‌ರೂಮ್ ಬಳಸುವವರಾದರೆ ‘ಪ್ರತಿಯೊಬ್ಬರಿಗೂ ಪ್ರತಿ’ ಎಂಬ ಆಯ್ಕೆಯನ್ನು ಪೋಸ್ಟ್ ಮಾಡುವ ಮೊದಲೇ ಹಾಕಬೇಕು, ಆಮೇಲೆ ಬದಲಿಸಲಾಗದು.

ಇನ್ನು ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಬದಲಾಗಿ, ಸಾಲುಗಳು ಚೌಕದಾಚೆ ಹರಿಯುವುದು. ಪವರ್‌ಪಾಯಿಂಟ್ ಆಗಿ ಇಳಿಸಿ ತೆರೆದಾಗ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆ ಕಂಪ್ಯೂಟರಿಗೆ ಸಿಗದೆ ಹೋಗಬಹುದು. ಆಗ ವಿಂಡೋಸ್ ತನ್ನಲ್ಲಿರುವ ಬೇರೊಂದನ್ನು ಹಾಕುತ್ತದೆ, ಅಗಲ ಬದಲಾಗುತ್ತದೆ. ತೋರಿಸುವುದಕ್ಕಷ್ಟೇ ಆದರೆ ಪಿಡಿಎಫ್ ಇಳಿಸಿ. ಅನಿಮೇಷನ್ ಮತ್ತು ವಿಡಿಯೊ ಮಾತ್ರ ಅದರಲ್ಲಿ ಓಡುವುದಿಲ್ಲ.