ನೋಟಿನ ಹಿಂಭಾಗದ ನಾಲ್ಕನೆಯ ಸಾಲು

ನೋಟಿನ ಹಿಂಭಾಗದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿದ್ದು ಏಕೆ, ತುಳುವಿಗೆ ಅಲ್ಲಿ ಜಾಗವೇ ಇಲ್ಲವೇಕೆ ಎಂದು ನೀವು ಕೇಳಿದ್ದೀರಿ. ಪ್ರಶ್ನೆಯಲ್ಲಿ ನೋವಿದೆ. ಮೊದಲ ಅರ್ಧದ ನೋವನ್ನು ನಾನು ಈಗಲೇ ಹೋಗಲಾಡಿಸಬಲ್ಲೆ. ಎರಡನೆಯದರಲ್ಲಿ ನಾನೂ ನಿಮ್ಮ ಪಾಲುದಾರ.

ಕನ್ನಡವನ್ನು ಯಾರೂ ಇಳಿಸಿಲ್ಲ. ಆ ಸಾಲುಗಳು ಭಾಷೆಗಳ ಇಂಗ್ಲಿಷ್ ಹೆಸರಿನ ಅಕ್ಷರ ಕ್ರಮದಲ್ಲಿವೆ: ಅಸ್ಸಾಮಿ, ಬಂಗಾಳಿ, ಗುಜರಾತಿ, ಕನ್ನಡ, ಕಾಶ್ಮೀರಿ, ಕೊಂಕಣಿ, ಮಲಯಾಳಂ, ಮರಾಠಿ, ನೇಪಾಳಿ, ಒಡಿಯಾ, ಪಂಜಾಬಿ, ಸಂಸ್ಕೃತ, ತಮಿಳು, ತೆಲುಗು, ಉರ್ದು. ಒಟ್ಟು 15. ಹಿಂದಿ ಮತ್ತು ಇಂಗ್ಲಿಷ್ ಬೇರೆ ಕಡೆ ದೊಡ್ಡಕ್ಷರಗಳಲ್ಲಿರುವುದರಿಂದ ಅವನ್ನೂ ಸೇರಿಸಿದರೆ 17. ಹಾಗಿದ್ದರೆ ಇಂಗ್ಲಿಷ್ ಕ್ರಮವೇಕೆ, ನಮ್ಮ ವರ್ಣಮಾಲೆಯ ಕ್ರಮ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ನಾನು ಕಾಗದದ ಮೇಲೆ ಜೋಡಿಸಿ ನೋಡಿದೆ: ಅ ಅಸ್ಸಾಮಿ, ಉ ಉರ್ದು, ಒ ಒಡಿಯಾ, ಆಮೇಲೆ ಕ. ಕನ್ನಡ ಅಲ್ಲಿಯೂ ನಾಲ್ಕನೆಯದೇ. ಇದನ್ನು ಕಂಡ ದಿನ ನನಗಾದ ಸಂತೋಷವನ್ನು ಹೇಳತೀರದು.

ಈಗ ಒಂದು ನೂರರ ನೋಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಕನ್ನಡದ ನೂರು, ತೆಲುಗಿನ ನೂರು, ತಮಿಳಿನ ನೂಱು, ಮಲಯಾಳಂನ ನೂಱು, ನಾಲ್ಕೂ ಒಂದೇ ತಾಯಿಯ ಮಕ್ಕಳು. ಹಳಗನ್ನಡದಲ್ಲಿ ನಾವೂ ನೂಱು ಎಂದೇ ಬರೆಯುತ್ತಿದ್ದೆವು. ಶಕಟರೇಫ ಎಂಬ ಆ ಱ ಅಕ್ಷರವನ್ನು ನಾವು ಬಿಟ್ಟೆವು, ತಮಿಳರು ಮತ್ತು ಮಲಯಾಳಿಗಳು ಉಳಿಸಿಕೊಂಡರು. ಹಳಗನ್ನಡ ಕಲಿಯುವಾಗ ಮಾತ್ರ ಕಾಣಸಿಗುವ ಒಂದು ಅಕ್ಷರದ ಒಡಹುಟ್ಟುಗಳು ನಮ್ಮ ಜೇಬಿನಲ್ಲಿ ದಿನವೂ ಓಡಾಡುತ್ತಿವೆ. ಇನ್ನೊಂದು ಕಡೆ ಅಸ್ಸಾಮಿ, ಬಂಗಾಳಿ, ಒಡಿಯಾ ಸಾಲುಗಳಲ್ಲಿ ರೂಪಾಯಿ ಎಂಬ ಮಾತೇ ಇಲ್ಲ. ಅಲ್ಲಿರುವುದು ಟಕಾ, ಟಾಕಾ, ಟಂಕಾ. ಇವು ನಮಗೇನೂ ಪರಕೀಯವಲ್ಲ. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ನಾವು ಟಂಕಸಾಲೆ ಎನ್ನುತ್ತೇವಲ್ಲ, ಅದೇ ಟಂಕ. ಉತ್ತರ ಕರ್ನಾಟಕದಲ್ಲಿ ಟಂಕಸಾಲಿ ಎಂಬ ಅಡ್ಡಹೆಸರಿನ ಮನೆತನಗಳೂ ಇವೆ. ಐವತ್ತರ ಹೊಸ ನೋಟಿನ ಹಿಂಭಾಗದಲ್ಲಿ ಹಂಪಿಯ ಕಲ್ಲಿನ ರಥವಿದೆ. ಆ ರಥದ ಕಾಲದಲ್ಲಿ ನಮ್ಮವರು ಎಣಿಸುತ್ತಿದ್ದದ್ದು ವರಹ ಮತ್ತು ಹಣ. ಹಣ ಎಂಬುದು ಆಗ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ನಾಣ್ಯ ಹೋಯಿತು, ಹೆಸರು ಮಾತ್ರ ಎಲ್ಲ ದುಡ್ಡಿಗೂ ಹರಡಿ ಉಳಿಯಿತು.

ನಿಮ್ಮ ಪ್ರಶ್ನೆಯ ದ್ವಿತೀಯಾರ್ಧ ನನಗೆ ಚಿಕ್ಕಂದಿನಿಂದ ಅಂಟಿಕೊಂಡಿರುವುದು. ಪುತ್ತೂರಿನ ಹತ್ತಿರ ನಮ್ಮ ತಂದೆಯವರ ದಿನಸಿ ಅಂಗಡಿ ಇತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತುಳು. ವಾರಕ್ಕೊಮ್ಮೆ ಒಬ್ಬರು ಅಜ್ಜಿ ಮಲ್ಲಿಗೆ ಮಾರಿದ ದುಡ್ಡನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಗಂಟು ಬಿಚ್ಚಿ, ಬೆವರಿಗೆ ಮೆತ್ತಗಾದ ನೋಟುಗಳನ್ನು ಒಂದೊಂದಾಗಿ ನೇರ ಮಾಡಿ, ಒಂಜಿ, ರಡ್ಡ್, ಮೂಜಿ, ನಾಲ್ ಎಂದು ಎಣಿಸಿ ಮೇಜಿನ ಮೇಲೆ ಇಡುತ್ತಿದ್ದರು. ಒಂದು ದಿನ ನಾನು ಜಂಬದಿಂದ ಅವರಿಗೆ ನೋಟಿನ ಹಿಂಭಾಗ ತೋರಿಸಿ, ಇದು ಕನ್ನಡ, ಇದು ಮಲಯಾಳಂ ಎಂದು ಬೆರಳಿಟ್ಟು ಓದಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಗಮನವಿಟ್ಟು ಕೇಳಿಸಿಕೊಂಡು, "ತುಳು ಓಲುಂಡು, ಬಾಲೆ?" ಎಂದರು. ತುಳು ಎಲ್ಲಿದೆ ಮಗೂ ಎಂದು. ನಾನು ಸಾಲುಗಳ ಮೇಲೆ ಎರಡು ಸಲ ಬೆರಳಾಡಿಸಿ ಸುಮ್ಮನಾದೆ.

ಇಲ್ಲದಿರಲು ಕಾರಣವೇನು? ಸಾಮಾನ್ಯವಾಗಿ ಬರುವ ಉತ್ತರ: ಸಂವಿಧಾನ ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಾದ ಎಂಟನೆಯ ಅನುಸೂಚಿಯಲ್ಲಿ ತುಳು ಇಲ್ಲ, ಹಾಗಾಗಿ ನೋಟಿನಲ್ಲೂ ಇಲ್ಲ. ಈ ಉತ್ತರ ಅರ್ಧ ಸತ್ಯ. 1950ರಲ್ಲಿ ಆ ಅನುಸೂಚಿಯಲ್ಲಿ 14 ಭಾಷೆಗಳಿದ್ದವು. 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ ಸೇರಿದವು. 2003ರ ತಿದ್ದುಪಡಿಯಿಂದ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಬಂದವು. ಈಗ ಒಟ್ಟು 22. ಇವುಗಳಲ್ಲಿ ಕೊಂಕಣಿ ಮತ್ತು ನೇಪಾಳಿಗೆ ನೋಟಿನಲ್ಲಿ ಸಾಲು ಸಿಕ್ಕಿದೆ. ಅವುಗಳ ಜೊತೆಯಲ್ಲೇ, ಒಂದೇ ತಿದ್ದುಪಡಿಯಲ್ಲಿ ಬಂದ ಮಣಿಪುರಿಗೆ ಸಿಕ್ಕಿಲ್ಲ. ರಾಷ್ಟ್ರಗೀತೆಯಲ್ಲಿ ಸಿಂಧ್ ಎಂಬ ಹೆಸರನ್ನು ನಾವೆಲ್ಲ ಹಾಡುತ್ತೇವೆ, ಸಿಂಧಿಗೂ ಸಾಲಿಲ್ಲ. ಅನುಸೂಚಿಯಲ್ಲಿದ್ದೂ ನೋಟಿನ ಮೇಲೆ ಇಲ್ಲದ ಭಾಷೆಗಳು ಆರು. ಅಂದರೆ ಅನುಸೂಚಿಗೆ ಸೇರಿದ ಮಾತ್ರಕ್ಕೆ ತುಳು ನೋಟಿನ ಮೇಲೆ ಬಂದೇ ಬಿಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ಆಡುವವರ ಸಂಖ್ಯೆ ಕಡಿಮೆ ಎಂಬ ಮಾತೂ ನಿಲ್ಲುವುದಿಲ್ಲ. 2011ರ ಜನಗಣತಿಯ ಪ್ರಕಾರ ತುಳು ಮಾತೃಭಾಷೆಯಾಗಿರುವವರು 18.46 ಲಕ್ಷ. ಮಣಿಪುರಿ ಸುಮಾರು 17.6 ಲಕ್ಷ, ಬೋಡೊ ಸುಮಾರು 14.8 ಲಕ್ಷ. ಸಂಸ್ಕೃತವನ್ನು ಮಾತೃಭಾಷೆಯೆಂದು ಬರೆಸಿದವರು 24,821 ಮಂದಿ. ಸಂಸ್ಕೃತಕ್ಕೆ ಆ ಸಾಲು ಸಲ್ಲಲೇಬೇಕು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ತಲೆ ಎಣಿಸಿ ಭಾಷೆಗೆ ಮರ್ಯಾದೆ ಕೊಡುವ ಪದ್ಧತಿ ಅಲ್ಲಿಲ್ಲ ಎಂದಮೇಲೆ ತುಳುವಿನ ಮುಂದೆ ಮಾತ್ರ ಆ ಲೆಕ್ಕ ಇಡಬಾರದು ಎಂಬುದಷ್ಟೇ ನನ್ನ ಮಾತು.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ನೋಟಿನ ವಿನ್ಯಾಸವನ್ನು ಸಂವಿಧಾನ ಹೇಳುವುದಿಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 25ನೆಯ ಕಲಮಿನ ಪ್ರಕಾರ, ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸನ್ನು ಪರಿಶೀಲಿಸಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟರೆ ವಿನ್ಯಾಸ ನಿರ್ಧಾರವಾಗುತ್ತದೆ. ಒಂದು ಸಾಲು ಸೇರಿಸಲು ಸಂಸತ್ತಿನಲ್ಲಿ ಮೂರನೆಯ ಎರಡರಷ್ಟು ಬಹುಮತ ಬೇಕಿಲ್ಲ. ಎಂಟನೆಯ ಅನುಸೂಚಿಗಾಗಿ ನಡೆಯುತ್ತಿರುವ ತುಳುವರ ಹೋರಾಟ ನಡೆಯಲಿ, ಅದು ದೊಡ್ಡದು, ಅದರಿಂದ ಬರುವ ಪ್ರಯೋಜನವೂ ದೊಡ್ಡದು. ಆದರೆ ಈ ಸಣ್ಣ ಬಾಗಿಲು ಬೇರೆ ಇದೆ, ಅದನ್ನೂ ತಟ್ಟಬಹುದು. ನೋಟು ಮುದ್ರಿಸುವ ನಾಲ್ಕು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ.

ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ಚರ್ಚೆ ಬರುತ್ತದೆ, ಬರಲಿ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತುಳು ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತಿದೆ. ತನ್ನದೇ ಲಿಪಿಯೂ ಅದಕ್ಕಿದೆ. ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬಳಸಲು ಸಂಕೇತ ಕೊಡುವ ಯೂನಿಕೋಡ್‌ನ, 2024ರ ಸೆಪ್ಟೆಂಬರ್‌ನಲ್ಲಿ ಬಂದ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಆ ಸುದ್ದಿ ಓದಿದ ರಾತ್ರಿ ನನಗೆ ಆ ಅಜ್ಜಿ ನೆನಪಾದರು.

ನಡುವೆ ಒಂದು ಮಾತು. ನೋಟಿನಲ್ಲಿ ಹಿಂದಿ ದೊಡ್ಡದಾಗಿರುವುದರಿಂದ ಅದು ರಾಷ್ಟ್ರಭಾಷೆ ಎಂದು ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ನಮ್ಮ ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂದು ಯಾವುದನ್ನೂ ಹೇಳಿಲ್ಲ. 343ನೆಯ ವಿಧಿ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ, ಅಷ್ಟೇ. ದಯವಿಟ್ಟು ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಿಕೊಡಿ.

ಇನ್ನು ತುಳುವಿನ ನೂರು ಹೇಗಿರುತ್ತದೆ? ನೂದು. ಕನ್ನಡದ ಮೂರು ಅಲ್ಲಿ ಮೂಜಿ, ಆರು ಅಲ್ಲಿ ಆಜಿ, ನೂರು ನೂದು. ನಮ್ಮ ರ ನಿಂತಲ್ಲಿ ತುಳು ಬೇರೆ ದಾರಿ ಹಿಡಿದಿದೆ, ಬೇರು ಮಾತ್ರ ಅದೇ. ನೋಟಿನ ಆ ನಾಲ್ಕು ಒಡಹುಟ್ಟುಗಳ ಜೊತೆ ಐದನೆಯದು ಇಷ್ಟು ವರ್ಷ ಹೊರಗೆ ನಿಂತಿದೆ. ಈಗಿನ ಕ್ರಮದಲ್ಲೇ ಸೇರಿಸುವುದಾದರೆ ಯಾರನ್ನೂ ಕದಲಿಸಬೇಕಿಲ್ಲ, ಉರ್ದು ಒಂದು ಸಾಲು ಕೆಳಗೆ ಸರಿದರೆ ಸಾಕು. ತೆಲುಗಿನ ಕೆಳಗೆ, ಉರ್ದುವಿನ ಮೇಲೆ, ಹದಿನೈದನೆಯ ಸಾಲು: ನೂದು ರೂಪಾಯಿ.