‘ಬರ್ತೀನಿ’ ಅನ್ನೂದನ್ನ ಇಂಗ್ಲಿಷಿನ್ಯಾಗ ಹೆಂಗ ಹೇಳೂದು

ತಂಗಿ, ಹುಬ್ಬಳ್ಳಿ ಬಿಟ್ಟು ಇಂಗ್ಲೆಂಡಿನ ಆಸ್ಪತ್ರಿಗೆ ನರ್ಸ್ ಆಗಿ ಬಂದು ಮೂರು ವಾರ ಆದ್ವು, ಪರೀಕ್ಷಾ ಪಾಸಾದ ಇಂಗ್ಲಿಷು ವಾರ್ಡಿನ್ಯಾಗ ಸಾಲವಲ್ದು, ಯಾವಾಗ ‘ವಿಲ್’, ಯಾವಾಗ ‘ಗೋಯಿಂಗ್ ಟು’ ಅನ್ನೂದು ತಿಳೀವಲ್ದು ಅಂತ ಬರದೀದಿ.

ಸಾಲಿಯೊಳಗ ಭವಿಷ್ಯತ್ಕಾಲ ಅಂದ್ರ ‘ಶಾಲ್’, ‘ವಿಲ್’ ಅಂತ ಬಾಯಿಪಾಠ ಮಾಡಿಸಿರ್ತಾರ. ಖರೇ ಅಂದ್ರ ಇಂಗ್ಲಿಷ್ ಕ್ರಿಯಾಪದಕ್ಕ ಭವಿಷ್ಯತ್ತಿನ ರೂಪನಽ ಇಲ್ಲ. ‘ಗೋ’ಕ್ಕ ‘ವೆಂಟ್’ ಇದ್ದಂಗ ನಾಳಿನ ಮಾತಿಗೆ ಒಂದು ರೂಪ ಇಲ್ಲ. ಅದಕ್ಕ ಬ್ಯಾರೆ ಬ್ಯಾರೆ ದಾರಿ ಹಿಡೀತಾರ. ನೀ ಯಾವ ದಾರಿ ಹಿಡದಿ ಅನ್ನೂದರ ಮ್ಯಾಲ ಮಾತು ಎಷ್ಟು ಗಟ್ಟಿ ಅಂತ ಕೇಳಿದವರು ಅಳೀತಾರ.

ಈ ಲೆಕ್ಕ ನಮ್ಮ ಮಾತಿನ್ಯಾಗೂ ಅದ. ‘ನಾಳೆ ಗದಗಕ್ಕ ಹೋಗ್ತೀನಿ’ ಬ್ಯಾರೆ, ‘ಹೋಗಾಕಿ ಅದೀನಿ’ ಬ್ಯಾರೆ. ಎರಡನೇದ್ದು ಮೊದಲಽ ನಿಕ್ಕಿ ಮಾಡಿದ್ದು. ಅದು ‘ಐ ಆಮ್ ಗೋಯಿಂಗ್ ಟು’. ಆಕಾಶ ನೋಡಿ ‘ಮಳಿ ಬರೂ ಹಂಗ ಅದ’ ಅಂದ್ರೂ ‘ಇಟ್ಸ್ ಗೋಯಿಂಗ್ ಟು ರೇನ್’. ಪೇಶಂಟ್ ಮೈ ಮುಟ್ಟೂ ಮೊದಲು ಇದನ್ನಽ ಬಳಸು: ‘ಐಮ್ ಜಸ್ಟ್ ಗೋಯಿಂಗ್ ಟು ಚೆಕ್ ಯುವರ್ ಬ್ಲಡ್ ಪ್ರೆಶರ್’. ಸೂಜಿ ಚುಚ್ಚೂಮುಂದ ಇಲ್ಲಿ ಎಲ್ಲಾರೂ ಅನ್ನೂದು ‘ಶಾರ್ಪ್ ಸ್ಕ್ರಾಚ್’.

‘ವಿಲ್’ ಇರೂದು ಆಗಿಂದಾಗ ಮನಸ್ಸು ಮಾಡಿದ್ದಕ್ಕ. ಪೇಶಂಟ್ ನೀರು ಕೇಳಿದ್ರು, ನೀ ‘ತರ್ತೀನ್ರಿ’ ಅಂದಿ: ‘ಐಲ್ ಗೆಟ್ ಯು ಸಮ್’. ಈ ‘ಲ್’ ಸಣ್ಣದು, ಆದ್ರ ಬಿಡಬ್ಯಾಡ. ‘ತರ್ತೀನಿ’ ಒಳಗ ವರ್ತಮಾನ, ಭವಿಷ್ಯ ಎರಡೂ ಕೂಡೇ ಇರ್ತಾವ, ಅದಕ್ಕ ನಮ್ಮವರ ಬಾಯಾಗ ‘ಐ ಗೆಟ್’ ಅಂತಽ ಬರ್ತದ. ಇಡೀ ‘ಐ ವಿಲ್’ ಅಂತ ಒತ್ತಿ ಅಂದ್ರ ಹಟ ಹಿಡದಂಗ ಕೇಳಸ್ತದ.

ಎಲ್ಲಕ್ಕಿಂತ ಹೆಚ್ಚು ಜೋಕಿ ಬೇಕಾದದ್ದು ಇಲ್ಲಿ. ‘ಡಾಕ್ಟ್ರು ಹನ್ನೊಂದಕ್ಕ ಬಂದಾರು’ ಅನ್ನೂದನ್ನ ‘ದ ಡಾಕ್ಟರ್ ವಿಲ್ ಕಮ್ ಅಟ್ ಇಲೆವೆನ್’ ಅಂದ್ರ ಅದು ವಚನ ಕೊಟ್ಟಂಗ. ಡಾಕ್ಟ್ರು ಬರಲಿಲ್ಲಂದ್ರ ಪೇಶಂಟಿನ ಮನಿಯವರು ನಿನ್ನನ್ನಽ ಕೇಳ್ತಾರ. ‘ಬಂದಾರು’, ‘ಬಂದೀತು’ ಅಂತ, ಬರಬಹುದು, ಬರದೇನೂ ಇರಬಹುದು ಅನ್ನೂ ಮಾತಿಗೆ ‘ಮೈಟ್’. ಹೆಚ್ಚುಕಡಿಮಿ ಬರೂ ಲೆಕ್ಕ ಇದ್ರ ‘ಶುಡ್ ಬಿ ಹಿಯರ್ ಅರೌಂಡ್ ಇಲೆವೆನ್’.

ಮಂದಿ ಮಂದಿ ಮಾತಾಡಿ ದಿನ ಗೊತ್ತು ಮಾಡಿದ್ದಕ್ಕ ‘ಶೀಸ್ ಗೋಯಿಂಗ್ ಹೋಮ್ ಟುಮಾರೋ’. ಡಿಸ್ಚಾರ್ಜ್ ಪಕ್ಕಾ ಆಗೂತನಕ ಇದನ್ನ ಹ್ಯಾಂಡೋವರಿನ್ಯಾಗ, ಅಂದ್ರ ಶಿಫ್ಟ್ ಬದಲಾಗೂಮುಂದ ಮುಂದಿನ ನರ್ಸಿಗೆ ಪೇಶಂಟಿನ ವಿಷಯ ಒಪ್ಪಸೂಮುಂದ, ಅನಬ್ಯಾಡ. ವೇಳಾಪಟ್ಟಿಗೆ ಬರೇ ‘ಮೈ ಶಿಫ್ಟ್ ಸ್ಟಾರ್ಟ್ಸ್ ಅಟ್ ಹಾಫ್ ಸೆವೆನ್’ ಸಾಕು. ಅಂದಂಗ, ‘ಹಾಫ್ ಸೆವೆನ್’ ಅಂದ್ರ ಏಳೂವರಿ, ಆರೂವರಿ ಅಲ್ಲ.

‘ವೆನ್ ದ ಡಾಕ್ಟರ್ ವಿಲ್ ಕಮ್, ಐಲ್ ಆಸ್ಕ್’ ತಪ್ಪು. ‘ವೆನ್ ದ ಡಾಕ್ಟರ್ ಕಮ್ಸ್’ ಅನಬೇಕು. ‘ಇಫ್’, ‘ಬಿಫೋರ್’, ‘ಅಂಟಿಲ್’, ‘ಆಸ್ ಸೂನ್ ಆಸ್’ ಬಂದಲ್ಲೂ ಇದಽ ನೇಮ. ನೆನಪಿಗೆ ಕನ್ನಡನಽ ಹಿಡಕೋ: ‘ಡಾಕ್ಟ್ರು ಬಂದ ಮ್ಯಾಲ ಕೇಳ್ತೀನಿ’, ‘ಬಂದ್ರ ಹೇಳ್ತೀನಿ’. ನಾಳಿನ ಮಾತಾದ್ರೂ ‘ಬಂದ’ ಅಂತೀವಿ, ಭವಿಷ್ಯ ಕಡೀ ತುಂಡಿನ್ಯಾಗ ಮಾತ್ರ. ಆದ್ರ ‘ಯಾವಾಗ ಬರ್ತಾರೋ ಗೊತ್ತಿಲ್ಲ’ ಅನ್ನೂದಕ್ಕ ‘ಐ ಡೋಂಟ್ ನೋ ವೆನ್ ಶೀಲ್ ಕಮ್’ ಸರಿ. ಅಲ್ಲಿ ‘ವೆನ್’ ಪ್ರಶ್ನಿಯ ಮಾತು.

‘ಐದರ ಒಳಗ’ ಅಂದ್ರ ‘ಬೈ ಫೈವ್’, ‘ಐದರ ತನಕ’ ಅಂದ್ರ ‘ಅಂಟಿಲ್ ಫೈವ್’. ‘ಐಲ್ ಹ್ಯಾವ್ ಡನ್ ಇಟ್ ಬೈ ಫೈವ್’ ಅಂದ್ರ ಐದಕ್ಕ ಕೆಲಸ ಮುಗದಿರ್ತದ.

‘ವೋಂಟ್’ ಬರ್ಯೂಮುಂದ ಎರಡು ಸಲ ಯೋಚನಿ ಮಾಡು. ‘ಹಿ ವೋಂಟ್ ಈಟ್’ ಅಂದ್ರ ಬರೇ ನಾಳೆ ಉಣ್ಣೂದಿಲ್ಲ ಅಂತಲ್ಲ, ಊಟ ಒಲ್ಲೆ ಅಂತಾನ ಅಂತ. ನಮ್ಮ ‘ಒಲ್ಲೆ’ ಅದಕ್ಕ ಅಗದೀ ಸರೀ ಜೋಡಿ. ‘ಗಾಡಿ ಚಾಲೂ ಆಗವಲ್ದು’ ಅನ್ನೂದೂ ‘ದ ಕಾರ್ ವೋಂಟ್ ಸ್ಟಾರ್ಟ್’. ವಾಕರಿಕಿ ಬಂದು ಉಣ್ಣಾಕ ಆಗದವರಿಗೆ ‘ವೋಂಟ್’ ಬರದ್ರ ಹಟಮಾರಿ ಅಂತ ಬರದಂಗ ಆಗ್ತದ. ಅಲ್ಲಿ ‘ಕಾಂಟ್’ ಬರಿ, ಕಾರಣಾನೂ ಬರಿ.

‘ಶಾಲ್’ ಉಳದಿರೂದು ಹೆಚ್ಚಾಗಿ ಕೇಳೂದಕ್ಕ: ‘ಶಾಲ್ ಐ ಓಪನ್ ದ ವಿಂಡೋ?’ ಕಿಡಕಿ ತಗೀಲೇನ್ರಿ ಅಂದಂಗ. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯವರು ‘ವಿಲ್ ಐ’ ಅಂತಾರ, ಅದು ಅವರ ರೂಢಿ.

ಶಿಫ್ಟ್ ಮುಗಿಸಿ ಹೊಂಡೂಮುಂದ ‘ಬರ್ತೀನ್ರಿ’ ಅನ್ನೂದನ್ನ ‘ಐಲ್ ಕಮ್’ ಅಂತ ಅನಬ್ಯಾಡ. ಈಗಽ ತಿರುಗಿ ಬರ್ತೀ ಅಂತ ತಿಳಕೋತಾರ. ‘ಐಮ್ ಆಫ್ ನೌ, ಸೀ ಯು ಟುಮಾರೋ’ ಅನ್ನು. ನಾಳೆ ರಜಾ ಇದ್ರ ‘ಸೀ ಯು ಆನ್ ಥರ್ಸ್‌ಡೇ’ ಅಂತ ವಾರದ ಹೆಸರು ಹೇಳಿಬಿಡು.