ಊಟದ ಕೋಣೆ ಕುದೀತಿದ್ರೆ ಫಾಲ್ಸ್ ಸೀಲಿಂಗ್ ಏನು ಮಾಡೀತು?

ಪ್ರಶ್ನೆ: ನಮ್ಮ ಮನೆ ಸೇಡಂ ರಸ್ತೆ ಕಡೆ. ಊಟದ ಕೋಣೆ ಮೇಲಿನ ಮಹಡಿಯಲ್ಲಿದೆ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಬೇಸಿಗೆಯಲ್ಲಿ ಬೀಗರು ಬಂದರೆ ನಾಲ್ಕು ತುತ್ತು ಉಂಡು ಹಾಲ್‌ಗೆ ಎದ್ದು ಹೋಗುತ್ತಾರೆ. ಕೂಲರ್ ಇಟ್ಟರೂ ಸೆಕೆ. ಫಾಲ್ಸ್ ಸೀಲಿಂಗ್, ಅಂದರೆ ಸ್ಲ್ಯಾಬಿನ ಕೆಳಗೆ ಇನ್ನೊಂದು ಪಿಒಪಿ ಚಾವಣಿ, ಹಾಕಿಸಿದರೆ ತಂಪಾಗುತ್ತೆ ಅಂತಾರೆ, ಹೌದಾ?
– ಗೃಹಿಣಿ, ಕಲಬುರಗಿ

ಉತ್ತರ: ಹಾಗಂತ ಹೇಳಿದವರು ಯಾರು ಅಂತ ಕೇಳೋದೇ ಬೇಡ, ಪಿಒಪಿ ಕೆಲಸ ಹಿಡಿಯುವವರೇ ಇರಬೇಕು. ಮಾರ್ಚ್ ಬಂತೆಂದರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ ತಾಯಿ.

ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಹೊಸದೇನಲ್ಲ. ಇಡೀ ದಿನ ಬಿಸಿಲುಂಡ ಸ್ಲ್ಯಾಬ್ ಆ ಬಿಸಿಯನ್ನು ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ಒಳಗೆ ಬಿಡುತ್ತದೆ. ಸರಿಯಾಗಿ ನೀವು ತಾಟು ಹಾಕೋ ಹೊತ್ತಿಗೆ! ಫ್ಯಾನ್ ಅದನ್ನೇ ಬೀಗರ ನೆತ್ತಿ ಮೇಲೆ ತಳ್ಳುತ್ತದೆ. ಫಾಲ್ಸ್ ಸೀಲಿಂಗ್ ಸ್ವಲ್ಪ ತಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಒಂಬತ್ತೂವರೆ ಅಡಿ ಎತ್ತರದ ಕೋಣೆಯಲ್ಲಿ ಅದು ಒಂದಡಿ ತಿನ್ನುತ್ತದೆ. ಆಮೇಲೆ ಫ್ಯಾನನ್ನು ಸೀಲಿಂಗಿಗೆ ಅಂಟಿಸಿದ ಹಾಗೆ ಕೂರಿಸುತ್ತಾರೆ. ರೆಕ್ಕೆ ಮೇಲೆ ಒಂದಡಿಯಾದರೂ ಜಾಗ ಇಲ್ಲದಿದ್ದರೆ ಅದಕ್ಕೆ ಗಾಳಿ ಎಳೆಯಲು ಆಗಲ್ಲ. ದುಡ್ಡೂ ಹೋಯಿತು, ಗಾಳಿಯೂ ಹೋಯಿತು.

ಬಿಸಿಲನ್ನು ಸ್ಲ್ಯಾಬಿಗೆ ತಾಗುವ ಮುಂಚೆಯೇ ತಡೆಯಬೇಕು. ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಬಿಸಿಲು ತಡೆಯೋ ಬಿಳಿ ಪೇಂಟ್, ಇನ್ನೂ ಇದ್ದರೆ ಬಿಳಿ ಟೈಲ್ಸ್ ಚೂರು ಹಾಕಿಸಿ. ಸುಣ್ಣ ಮಳೆಗೆ ತೊಳೆದು ಹೋಗುತ್ತೆ, ವರ್ಷ ವರ್ಷ ಹೊಡೆಸಬೇಕು, ಅಷ್ಟೇ.

ಕಿಟಕಿಗೆ ಒಳಗಿಂದ ದಪ್ಪ ಪರದೆ ಹಾಕಿದ್ದೀರಿ, ಅಲ್ವಾ? ಎಲ್ಲರೂ ಅದನ್ನೇ ಮಾಡೋದು. ಗಾಜು ದಾಟಿ ಬಂದ ಬಿಸಿಲು ಆಗಲೇ ಕೋಣೆಯ ಪಾಲಾಗಿರುತ್ತದೆ, ಪರದೆ ಅದನ್ನು ವಾಪಸ್ ಕಳಿಸೋದು ಕಮ್ಮಿ. ಹೊರಗಡೆ ಬಿದಿರಿನ ತಟ್ಟಿ ಇಳಿಬಿಡಿ. ಸಂಜೆ ಬಿಸಿಲು ಓರೆಯಾಗಿ ಬರುತ್ತೆ, ಕಿಟಕಿ ಮೇಲಿನ ಛಜ್ಜಾ ಅದನ್ನು ತಡೆಯಲ್ಲ. ಹಗಲು ಕಿಟಕಿ ಮುಚ್ಚಿಡಿ, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ತೆಗೆಯಿರಿ.

ಇನ್ನು ಕೂಲರ್. ನೀವು ಬರೆದಿಲ್ಲ, ಆದರೂ ಅದನ್ನು ಮೂಲೆಯಲ್ಲಿಟ್ಟು ಬಾಗಿಲು ಮುಚ್ಚಿರುತ್ತೀರಿ ಅಂತ ಬಲ್ಲೆ. ಅದು ಎಸಿ ಅಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತೋಯಿಸುತ್ತಾ ಹೋದರೆ ಬೆವರು ಆರೋದಿಲ್ಲ, ಮೈ ಅಂಟಂಟು. ಪರೀಕ್ಷೆ ಬೇಕಾ? ತಾಟಿನ ಅಂಚಿಗೆ ಒಂದು ಕಡಕ್ ರೊಟ್ಟಿ ಇಡಿ. ಊಟ ಮುಗಿಯೋದ್ರೊಳಗೆ ಅದು ಮುರಿಯದೆ ಬಾಗಿದರೆ ಕೋಣೆಯಲ್ಲಿ ತೇವ ಜಾಸ್ತಿ ಆಗಿದೆ. ಕೂಲರಿನ ಬೆನ್ನು ಕಿಟಕಿಗೆ ಇರಲಿ, ಹೊರಗಿನ ಒಣ ಗಾಳಿ ಎಳೆಯಲಿ. ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಲಿ. ಮಳೆಗಾಲದಲ್ಲಿ ಅದನ್ನು ಮುಚ್ಚಿಡಿ, ಹೊರಗಿನ ಗಾಳಿಯೇ ಹಸಿ ಇರುವಾಗ ಅದರಿಂದ ಉಪಯೋಗವಿಲ್ಲ.

ಬೀಗರು ಬರೋ ಒಂದು ತಾಸು ಮೊದಲೇ ಕೂಲರ್ ಜೋರಾಗಿ ಹಚ್ಚಿ, ಅವರು ಕೂತ ಮೇಲೆ ಸಣ್ಣಗೆ ಮಾಡಿ. ಆ ಗದ್ದಲದಲ್ಲಿ "ಇನ್ನೊಂದು ರೊಟ್ಟಿ ಹಾಕಲಾ" ಅಂದದ್ದೂ ಕೇಳಿಸಲ್ಲ. ಗಾಳಿ ಪಕ್ಕದಿಂದ ಬರಲಿ. ನೇರ ಬಡಿದರೆ ಶೇಂಗಾ ಹಿಂಡಿ ಹಾರಿ ಪಕ್ಕದವರ ಮೊಸರಿಗೆ ಬೀಳುತ್ತದೆ. ಮತ್ತೆ, ದಯವಿಟ್ಟು ರೊಟ್ಟಿ ಬಡಿಯೋ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ಒಡೆಸಬೇಡಿ. ಓಪನ್ ಕಿಚನ್ ಫೋಟೋದಲ್ಲಿ ಚಂದ.

ಪ್ರಶ್ನೆ: 8 ಅಡಿ ಅಗಲದ ಕೋಣೆಗೆ ಎಂಟು ಜನರ ಟೇಬಲ್, ಮೂರೂವರೆ ಅಡಿ ಅಗಲದ್ದು, ಹಿಡಿಯುತ್ತಾ? – ಯಾದಗಿರಿ

ಉತ್ತರ: ಟೇಬಲ್ ಹಿಡಿಯುತ್ತೆ, ಜನ ಹಿಡಿಯಲ್ಲ. ಆಚೆ ಈಚೆ ಎರಡೂಕಾಲು ಅಡಿ ಉಳಿಯುತ್ತೆ. ಕುರ್ಚಿ ಹಿಂದೆ ಮೂರು ಅಡಿ ಇಲ್ಲದಿದ್ದರೆ ಬಡಿಸುವವರು ಎಲ್ಲಿ ಓಡಾಡಬೇಕು?

ಪ್ರಶ್ನೆ: ಊಟದ ಟೇಬಲ್ ಎದುರು ಕನ್ನಡಿ ಇದ್ದರೆ ಮನೆಯಲ್ಲಿ ಅನ್ನ ದುಪ್ಪಟ್ಟಾಗುತ್ತಂತೆ, ಹೌದಾ? – ಹುಮನಾಬಾದ್

ಉತ್ತರ: ಇಲ್ಲ. ಉಣ್ಣುವಾಗ ತಮ್ಮ ಬಾಯಿ ತಾವೇ ನೋಡಬೇಕಾಗುತ್ತೆ, ನೆಂಟರು ಮುಜುಗರಪಡುತ್ತಾರೆ. ಹೇಳಿದವರಿಗೆ ಕನ್ನಡಿ ಅಂಗಡಿ ಇದೆಯಾ ನೋಡಿ.

ಪ್ರಶ್ನೆ: ಬಿದರಿ ಬಟ್ಟಲಲ್ಲಿ ಪುಂಡಿಪಲ್ಯ ಬಡಿಸಬಹುದೇ? – ಬೀದರ್

ಉತ್ತರ: ಬೇಡವೇ ಬೇಡ. ಅದು ಹೆಚ್ಚಾಗಿ ಸತು, ಜೊತೆಗೆ ಒಂದಿಷ್ಟು ತಾಮ್ರ. ಪುಂಡಿ ಹುಳಿ ತಾಗಿದರೆ ಸತು ಊಟಕ್ಕೆ ಬಿಡುತ್ತದೆ. ಗೂಡಿನಲ್ಲಿಟ್ಟು ಬಂದವರಿಗೆ ತೋರಿಸಿ.

ಪ್ರಶ್ನೆ: ಊಟದ ಕೋಣೆಯ ಹಳೇ ಶಹಾಬಾದ್ ಕಲ್ಲು ಕಳೆಗುಂದಿದೆ. ಆ್ಯಸಿಡ್ ಹಾಕಿ ತೊಳೆಯಲಾ, ಮೇಲೆ ಟೈಲ್ಸ್ ಹಾಕಿಸಲಾ? – ಕಲಬುರಗಿ

ಉತ್ತರ: ಎರಡೂ ಬೇಡ. ಅದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದಲ್ಲಿ ಸುಟ್ಟು ಬೆಳ್ಳಗಾಗುತ್ತದೆ. ನಿಂಬೆ ರಸವೂ ಕಲೆ ಬಿಡುತ್ತೆ, ಬಿದ್ದ ಕೂಡಲೇ ಒರೆಸಿ. ಪಾಲಿಶ್ ಮಾಡಿಸಿ, ಸಾಕು. ನೆಲ ಅಂತಸ್ತಾದರೆ ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಚಾಪೆ ಹಾಸಿ, ಅಡ್ಡಣಿಗೆ ಮೇಲೆ ತಾಟು ಇಡಿ. ಮೊಣಕಾಲು ನೋವಿರುವ ಹಿರಿಯರಿಗೆ ಮಾತ್ರ ಕುರ್ಚಿ ಹಾಕಿ, ಅದನ್ನೂ ಅವರು ಕೇಳೋ ಮುಂಚೆಯೇ.